ಮೂರು ಕಾಳು ಗೋಧಿ

ಮೊದಲ ಆಹಾರ ತಜ್ಞೆ ಬರೆದುಕೊಟ್ಟ ಹಾಳೆಯನ್ನು ನಾನು ಹರಿದು ಹಾಕಿಲ್ಲ. ಮಗಳ ಫೈಲಿನಲ್ಲಿ, ರಕ್ತ ಪರೀಕ್ಷೆಯ ವರದಿಗಳ ಹಿಂದೆ ಅದು ಇನ್ನೂ ಇದೆ. ಬೆಳಿಗ್ಗೆ ನೆನೆಸಿದ ಬಾದಾಮಿ ಐದು, ಎಂಟೂವರೆಗೆ ಓಟ್ಸ್ ಗಂಜಿ, ಮಧ್ಯಾಹ್ನ ಅನ್ನ, ಬೇಳೆ, ಪಲ್ಯ, ರಾತ್ರಿ ಎರಡು ಚಪಾತಿ. ಚಪಾತಿಯ ಮುಂದೆ ದುಂಡನೆಯ ಅಕ್ಷರದಲ್ಲಿ ‘ಜವೆ ಗೋಧಿಯದು ಮಾತ್ರ’ ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದಾರೆ. ಆ ಗೆರೆಯನ್ನು ನಂಬಿ ನಾನು ಹನ್ನೊಂದು ದಿನ ನನ್ನ ಎಂಟು ವರ್ಷದ ಮಗಳಿಗೆ ಜವೆ ಗೋಧಿಯ ಚಪಾತಿ ಲಟ್ಟಿಸಿ, ತುಪ್ಪ ಸವರಿ ತಿನ್ನಿಸಿದೆ.

ಧಾರವಾಡದ ಕಡೆ ಜವೆ ಗೋಧಿಗೆ ದೊಡ್ಡ ಮರ್ಯಾದೆ. ಕೆಲವರು ಸದಕ ಅನ್ನುತ್ತಾರೆ. ಮಾದಲಿಗೆ, ಹುಗ್ಗಿಗೆ, ಶ್ಯಾವಿಗೆಗೆ ಅದೇ ಆಗಬೇಕು ಅನ್ನುವ ಮನೆಗಳಿವೆ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ಮಾತು ಊರೆಲ್ಲ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯದಿಂದ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳೂ ಬಂದಿವೆ. ಬೇರೆ ಗೋಧಿಗಿಂತ ಹಗುರ, ಹಳೆಯ ಕಾಲದ್ದು, ಎಲ್ಲವೂ ನಿಜವೇ ಇರಬಹುದು. ಆದರೆ ಅದು ಗೋಧಿ. ಅದರಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನನ್ನ ಮಗಳಿಗಿರುವುದು ಸೀಲಿಯಾಕ್, ಗ್ಲುಟೆನ್ ತಿಂದರೆ ಕರುಳು ಹಾಳಾಗುವ ಕಾಯಿಲೆ. ಅದಿರುವ ಮಗುವಿನ ಕರುಳಿಗೆ ಹಳೆಯ ಗೋಧಿ, ಹೊಸ ಗೋಧಿ ಎಂಬ ಭೇದ ತಿಳಿಯುವುದಿಲ್ಲ. ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕು ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಆಮೇಲೆ ಪರಿಣತರೆನ್ನಿಸಿಕೊಂಡವರು ಜವೆ ಗೋಧಿಗೆ ಮಾತ್ರ ವಿನಾಯಿತಿ ಕೊಟ್ಟಾಗ, ಇರಬಹುದು, ಅವರಿಗೆ ಗೊತ್ತಿರುತ್ತದೆ ಎಂದು ನಾನು ನಂಬಿದೆ. ಅಂಥ ಸ್ಥಿತಿಯಲ್ಲಿ ಯಾವ ತಾಯಿಯೂ ನಂಬುತ್ತಾಳೆ.

ಕಾಯಿಲೆ ಗೊತ್ತಾಗುವ ಹೊತ್ತಿಗೇ ಎರಡೂವರೆ ವರ್ಷ ಕಳೆದಿತ್ತು. ಮಗಳು ಬೆಳೆಯುತ್ತಿರಲಿಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ವರ್ಷ ಬದಲಾದರೂ ಅವಳು ಎಲ್ಲರಿಗಿಂತ ಮುಂದೆಯೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಉಬ್ಬು. ಜಂತಿನ ಔಷಧಿ ಎಷ್ಟು ಸಲ ಕೊಟ್ಟೆವೋ ಲೆಕ್ಕವಿಲ್ಲ. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಕಬ್ಬಿಣದ ಟಾನಿಕ್ ಕುಡಿಸಿದಷ್ಟು ದಿನ ಒಂಚೂರು ಏರುವುದು, ನಿಲ್ಲಿಸಿದರೆ ಇಳಿಯುವುದು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು, ಟಾನಿಕ್ಕಿನ ಕಬ್ಬಿಣ ಕರುಳಿನಲ್ಲಿ ಹತ್ತುತ್ತಲೇ ಇಲ್ಲವಲ್ಲ, ಯಾಕೆ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಈ ಕಾಯಿಲೆಯ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಟಿಟಿಜಿ ಎಂಬ ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ, ಸಣ್ಣ ಕರುಳಿನ ಚೂರು ತೆಗೆದು ಬಯಾಪ್ಸಿ. ಕರುಳಿನ ಒಳಮೈ ಹೊಸ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರಬೇಕು, ಆ ಎಳೆಗಳೇ ಆಹಾರದ ಸತ್ವ ಹೀರುವುದು, ಇವಳದ್ದು ಸವೆದು ನುಣ್ಣಗಾಗಿದೆ ಎಂದು ಅವರು ತಮ್ಮ ಕೈಯಲ್ಲಿದ್ದ ಕರವಸ್ತ್ರ ತೋರಿಸಿ ತಿಳಿಸಿದರು. ಇದು ಅಲರ್ಜಿಯಲ್ಲ, ಗ್ಲುಟೆನ್ ಕಂಡಾಗ ದೇಹ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುವ ಕಾಯಿಲೆ. ಇದಕ್ಕೆ ಮಾತ್ರೆಯಿಲ್ಲ. ಊಟವೇ ಔಷಧ. ‘ಸೀಲಿಯಾಕ್ ನೋಡಿ ಗೊತ್ತಿರೋ ಡಯಟೀಷಿಯನ್ ಹುಡುಕಿ’ ಎಂದು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಹುಡುಕಿ ಅನ್ನುವುದು ಒಂದು ಶಬ್ದ. ಹುಡುಕಲು ನಮಗೆ ಐದು ತಿಂಗಳು ಹಿಡಿಯಿತು.

ನಮ್ಮ ಕಡೆ ಈ ಕಾಯಿಲೆ ಬಲ್ಲವರು ಯಾಕೆ ಕಡಿಮೆ ಎನ್ನುವುದು ನನಗೆ ಆಮೇಲೆ ತಿಳಿಯಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತ, ಈಶಾನ್ಯ ಮತ್ತು ದಕ್ಷಿಣದಲ್ಲಿ ಒಟ್ಟು 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿದ್ದರು. ದಕ್ಷಿಣದ ಕೇಂದ್ರ ವೆಲ್ಲೂರು. ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23 ಮಂದಿಯಲ್ಲಿ ಸಿಕ್ಕರೆ ದಕ್ಷಿಣದಲ್ಲಿ ಸಿಕ್ಕಿದ್ದು ಶೇಕಡಾ 0.10ರಲ್ಲಿ ಮಾತ್ರ. ಆದರೆ ಈ ಕಾಯಿಲೆಗೆ ದಾರಿ ಮಾಡುವ ಜೀನ್‌ಗಳು ಮೂರೂ ಕಡೆ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಇದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ದಕ್ಷಿಣದವರು ಹೌದು, ಆದರೆ ಧಾರವಾಡ ವೆಲ್ಲೂರಲ್ಲ. ನಮ್ಮಲ್ಲಿ ಜೋಳದ ರೊಟ್ಟಿಯ ಜೊತೆಗೇ ಚಪಾತಿ ಬೆಳೆದಿದೆ, ಮುಂಜಾನೆ ಉಪ್ಪಿಟ್ಟು, ಹಬ್ಬಕ್ಕೆ ಹೋಳಿಗೆ, ಜಾತ್ರೆಗೆ ಹುಗ್ಗಿ. ದಕ್ಷಿಣದಲ್ಲಿ ಇದು ಅಪರೂಪ ಎಂಬ ಪಾಠ ಓದಿ ಬಂದ ಡಾಕ್ಟರರ ಮುಂದೆ ನಮ್ಮ ಕಡೆಯ ಎಷ್ಟು ಮಕ್ಕಳು ಬರೀ ರಕ್ತಹೀನತೆಯ ಚೀಟಿ ಹಿಡಿದು ಹೊರಗೆ ಬಂದಿರಬಹುದು!

ಎರಡನೆಯವರು ಸಿಕ್ಕಿದ್ದು ಫೋನಿನಲ್ಲಿ. ‘ಗ್ಲುಟೆನ್ ಫ್ರೀ ತಜ್ಞರು’ ಎಂದೇ ಜಾಹೀರಾತು ಇತ್ತು. ಅವರು ಕಳಿಸಿದ ಫಾರ್ಮಿನಲ್ಲಿ ಮೂರನೆಯ ಪ್ರಶ್ನೆ, ಎಷ್ಟು ಕೆಜಿ ಇಳಿಸಬೇಕು ಎಂದಿತ್ತು. ನನ್ನ ಮಗಳು ಆಗ 17 ಕೆಜಿ. ಆ ಖಾಲಿ ಜಾಗದ ಮುಂದೆ ನಾನು ಎಷ್ಟೋ ಹೊತ್ತು ಕೂತೆ. ತೂಕ ಇಳಿಸಲು ಗೋಧಿ ಬಿಡುವವರು ಬೇರೆ, ಬದುಕಲು ಗೋಧಿ ಬಿಡಬೇಕಾದವರು ಬೇರೆ. ನ್ಯೂಟ್ರಿಷನಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಲು ಕೆಲವು ವಾರಗಳ ಕೋರ್ಸು ಸಾಕಾಗಿದೆ. ಭಾರತೀಯ ಆಹಾರ ತಜ್ಞರ ಸಂಘ ಪರೀಕ್ಷೆ ನಡೆಸಿ ಕೊಡುವ ‘ರಿಜಿಸ್ಟರ್ಡ್ ಡಯಟೀಷಿಯನ್’ ಎಂಬ ಅರ್ಹತೆಯ ಮಾತೇ ಬೇರೆ. 2021ರಲ್ಲಿ ಆರೋಗ್ಯದ ಇತರ ವೃತ್ತಿಗಳಿಗೆಂದು ಬಂದ ಕೇಂದ್ರದ ಕಾಯ್ದೆಯಲ್ಲಿ ಆಹಾರ ತಜ್ಞರೂ ಸೇರಿದ್ದಾರೆ. ನಾನು ಮೊದಲು ಅರ್ಹತೆ ಕೇಳಬೇಕಿತ್ತು. ಕೇಳುವುದು ಅವಮಾನ ಮಾಡಿದಂತೆ ಎಂದುಕೊಂಡು ಸುಮ್ಮನಿದ್ದೆ.

ಮೂರನೆಯವರು ದೆಹಲಿಯವರು, ವಿಡಿಯೊ ಕರೆಯಲ್ಲಿ ಹಿಂದಿಯಲ್ಲಿ ಮಾತಾಡಿದರು. ಅವರಿಗೆ ನನ್ನ ನಮಸ್ಕಾರ ಯಾವಾಗಲೂ ಇದೆ. ಕಾಯಿಲೆಯ ಒಳಹೊರಗು ಅವರಿಗೆ ಗೊತ್ತಿತ್ತು. ಕಬ್ಬಿಣದ ಜೊತೆ ಫೋಲೇಟ್, ಬಿ12, ವಿಟಮಿನ್ ಡಿ ನೋಡಿದ್ದೀರಾ ಎಂದು ಕೇಳಿದರು. ಟಿಟಿಜಿ ಮತ್ತೆ ಆರು ತಿಂಗಳಿಗೆ ಮಾಡಿಸಿ ಎಂದರು. ಭಾರತದಲ್ಲಿ ಸಿಗುವ ಸಾದಾ ಓಟ್ಸಿನಲ್ಲಿ ಗೋಧಿ ಬೆರೆತಿರುತ್ತದೆ, ಈಗ ಅದೂ ಬೇಡ ಎಂದರು. ಆದರೆ ಅವರ ಪಟ್ಟಿ ರೋಟಿಯ ಅಡುಗೆಮನೆಯಲ್ಲಿ ಹುಟ್ಟಿದ್ದು. ಗೋಧಿ ರೋಟಿಯ ಬದಲು ಏನು ಎನ್ನುವುದೇ ಅಲ್ಲಿನ ದೊಡ್ಡ ಪ್ರಶ್ನೆ. ಉತ್ತರದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು, ಸಿಂಘಾಡ ಹಿಟ್ಟು, ಮಖಾನಾ. ‘ಉಪವಾಸದ ದಿನ ಚಿಂತೆ ಮಾಡಬೇಡಿ, ಅವತ್ತು ತಿನ್ನುವುದೆಲ್ಲ ಗ್ಲುಟೆನ್ ಇಲ್ಲದ್ದೇ’ ಎಂದೂ ಸಮಾಧಾನ ಹೇಳಿದರು. ಅವರ ಕಡೆ ಹೌದು. ನಮ್ಮಲ್ಲಿ ಒಪ್ಪತ್ತು ಎಂದರೆ ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುವುದು! ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ರವೆಯ ಡಬ್ಬಿ ಖಾಲಿಯಾಗುತ್ತದೆ. ಸತ್ಯನಾರಾಯಣ ಪೂಜೆಗೆ ಕರೆದರೆ ಕೈಗೆ ಬೀಳುವ ಶಿರಾ ಕೂಡ ರವೆಯದೇ, ರವೆ ಎಂದರೆ ಗೋಧಿಯೇ. ಅವರಿಗೆ ಇದನ್ನು ವಿವರಿಸುವಷ್ಟು ಹಿಂದಿ ನನ್ನಲ್ಲಿರಲಿಲ್ಲ, ಜ್ವಾಳದ ರೊಟ್ಟಿ ನಾವು ಹೇಗೂ ತಿನ್ನುತ್ತೇವೆ ಎಂದು ಹೇಳಿ ಸುಮ್ಮನಾದೆ.

ಮನೆಯಲ್ಲಿ ಬೇರೆಯದೇ ಹೋರಾಟ. ‘ಗೋದಿ ತಿಂದು ಯಾರರ ಸತ್ತಾರೇನವಾ?’ ಎಂದು ಅತ್ತೆ ಕೇಳಿದ್ದರು. ಸಿಟ್ಟಿನಿಂದಲ್ಲ. ಮೊಮ್ಮಗಳಿಗೆ ಮಾದಲಿ ಕೊಡಬಾರದು ಎಂಬ ಮಾತು ಅವರಿಗೆ ಶಾಪದ ಹಾಗೆ ಕೇಳಿಸಿತ್ತು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಾಗ ಅವರಿಗೆ ನಾನು ಓದಿದ್ದೊಂದು ಕಥೆ ಹೇಳಿದೆ. ನೆದರ್ಲೆಂಡ್ಸ್ ದೇಶದ ಹೇಗ್ ಊರಿನಲ್ಲಿ ವಿಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರು ಇದ್ದರು. ಇಂಥದೇ ಮಕ್ಕಳನ್ನು ನೋಡುತ್ತಿದ್ದ ಅವರಿಗೆ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನ. 1944ರ ಚಳಿಗಾಲ, ಯುದ್ಧ, ಆ ನಾಡಿಗೆ ಘೋರ ಬರ ಬಂತು. ಬ್ರೆಡ್ಡು ಸಿಗದೆ ಜನ ಟ್ಯೂಲಿಪ್ ಹೂವಿನ ಗಡ್ಡೆ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಬಂತು, ಅವರಿಗೆ ಕಾಯಿಲೆಯೂ ಮರಳಿ ಬಂತು. 1950ರಲ್ಲಿ ಡಿಕ್ಕೆ ಇದನ್ನೆಲ್ಲ ಪ್ರಬಂಧವಾಗಿ ಬರೆದರು. ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ‘ಊರಿಗೆಲ್ಲಾ ಬರಗಾಲ, ಆ ಕೂಸುಗೊಳಿಗಷ್ಟ ಸುಗ್ಗಿ ಆತಲ್ಲವಾ’ ಎಂದರು. ಅವತ್ತಿನಿಂದ ಅವರು ನನ್ನ ಕಡೆ.

ನಾಲ್ಕನೆಯವರ ಹೆಸರು ಬೆಂಗಳೂರಿನ ಅದೇ ಡಾಕ್ಟರರ ಆಸ್ಪತ್ರೆಯ ಒಬ್ಬ ನರ್ಸ್ ಹೇಳಿದ್ದು. ಮೂಲ ಗದಗಿನ ಕಡೆಯವರು, ಉತ್ತರ ಭಾರತದ ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ಈಗ ಬೆಂಗಳೂರಿಗೆ ಬಂದಿದ್ದಾರೆ ಎಂದರು. ಮೊದಲ ಕರೆ ನನಗೆ ಶಬ್ದ ಶಬ್ದವೂ ನೆನಪಿದೆ. ಹೆಸರು, ವಯಸ್ಸು, ತೂಕ ಕೇಳಿ ಬರೆದುಕೊಂಡು, ‘ಇಂಗು ಯಾವದ್ ತರ್ತೀರಿ?’ ಅಂದರು.

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಡಬ್ಬಿ ತಂದು ಕ್ಯಾಮೆರಾಕ್ಕೆ ಹಿಡಿದೆ. ಹಿಂದಿನ ಸಣ್ಣ ಅಕ್ಷರ ಓದಿ ಅಂದರು. ಓದಿದೆ. ಗೋಂದು, ಗೋಧಿ ಹಿಟ್ಟು, ಇಂಗು. ದಿನಕ್ಕೆರಡು ಹೊತ್ತು ಸಾರಿಗೆ, ಪಲ್ಯಕ್ಕೆ, ಚಟ್ನಿಪುಡಿಗೆ ಒಗ್ಗರಣೆಯಲ್ಲಿ ಚಿಟಿಕೆ ಚಿಟಿಕೆಯಾಗಿ ನಾನು ಹಾಕುತ್ತಿದ್ದದ್ದು ಅದು. ಅಂಗಡಿಯಲ್ಲಿ ಸಿಗುವ ಹಿಟ್ಟು ಬೆರೆಸಿದ ಇಂಗಿಗೆ ಬಹಳ ಸಲ ಮೈದಾ ಇಲ್ಲವೇ ಗೋಧಿ ಹಿಟ್ಟೇ ಆಧಾರ. ಗ್ಲುಟೆನ್ ಇರುವ ಧಾನ್ಯವಿದ್ದರೆ ಪ್ಯಾಕೆಟ್ಟಿನ ಮೇಲೆ ಕಾಣಿಸಲೇಬೇಕು ಎಂಬ ನಿಯಮವಿದೆ, ಆದರೆ ಕಿರಾಣಿ ಅಂಗಡಿಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಇಂಗಿಗೆ ಯಾವ ಅಕ್ಷರವೂ ಇರುವುದಿಲ್ಲ.

ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಚಪಾತಿ ಹಂಚಿನ ಮ್ಯಾಲೇ ರೊಟ್ಟಿ ಬೇಸ್ತೀರೇನು? ಹಿಟ್ಟು ಕಲಸೋ ಪರಾತ ಒಂದ ಏನು? ರೊಟ್ಟಿ ಹರೀಬಾರದಂತ ಜ್ವಾಳದ ಹಿಟ್ಟಿಗೆ ಒಂದ್ ಹಿಡಿ ಗೋದಿ ಹಿಟ್ಟು ಹಾಕೋ ರೂಢಿ ಐತೇನು? ಥಾಲಿಪೆಟ್ಟಿನ ಹಿಟ್ಟಿನ್ಯಾಗ ಏನೇನು? ಸಾಲ್ಯಾಗ ಡಬ್ಬಿ ಯಾರ ಕೂಡ ಹಂಚ್ಕೊಂಡ್ ತಿಂತಾಳ? ಕೂಸಿಗೆ ಮಾಲ್ಟ್ ಕುಡಸ್ತೀರೇನು, ರಾಗಿದೋ ಅಂಗಡಿದೋ? ಈ ಕೊನೆಯದು ಎಷ್ಟು ಜನರನ್ನು ದಾರಿ ತಪ್ಪಿಸುತ್ತದೋ. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟಿನಲ್ಲಿ ಗೋಧಿಯಿಲ್ಲ, ಬಾರ್ಲಿಯಿಲ್ಲ. ಅಂಗಡಿಯ ಮಾಲ್ಟ್ ಪುಡಿಯಲ್ಲಿ ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿಯದೇ. ಹೆಸರು ಒಂದೇ, ಒಂದು ಮದ್ದು, ಇನ್ನೊಂದು ವಿಷ.

ಅವರು ಏನನ್ನೂ ಕಡಿದು ಹಾಕಲಿಲ್ಲ, ಇದು ನನಗೆ ಬಹಳ ಹಿಡಿಸಿತು. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ ಎಂದಾಗ ಹಾಲೇ ಬಿಡಿ ಎನ್ನಲಿಲ್ಲ. ಹಾಲಿನ ಸಕ್ಕರೆ ಅರಗಿಸುವ ರಸ ಇರುವುದೇ ಆ ಸವೆದ ಎಳೆಗಳ ತುದಿಯಲ್ಲಿ, ಕರುಳು ಮಾಯುವ ತನಕ ಮೊಸರು, ಮಜ್ಜಿಗೆ ಕೊಡಿ, ಎಳೆ ಬೆಳೆದ ಮೇಲೆ ಹಾಲು ತಾನೇ ಒಗ್ಗುತ್ತದೆ ಎಂದರು. ರಾಗಿ ನಮ್ಮ ಕಡೆ ಅಷ್ಟು ಬಳಕೆಯಿಲ್ಲ, ಆದರೂ ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಎಲುಬು ಬೆಳೆಯಬೇಕಾದ ಕೂಸು, ವಾರಕ್ಕೆ ನಾಲ್ಕು ದಿನ ಅಂಬಲಿ ಇರಲಿ ಎಂದರು. ಸಾವಿರಾರು ರೂಪಾಯಿಯ ಗ್ಲುಟೆನ್ ರಹಿತ ಬಿಸ್ಕತ್ತು ಯಾವುದನ್ನೂ ಬರೆಯಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ ಇರೋ ನಾಡಿನಾಗ ಬಿಸ್ಕತ್ತು ಯಾಕ್ ಬೇಕ್ರಿ ಎಂದರು. ಮಗಳು ಪಕ್ಕದಲ್ಲೇ ಇದ್ದವಳು ಪೇಡೆ ಎಂದು ಪಿಸುಗುಟ್ಟಿದಳು. ಅವರು ನಕ್ಕು, ಹಾಲು ಸಕ್ಕರಿ ಅಷ್ಟ ಇದ್ರ ತಿನ್ನು, ಅಂಗಡ್ಯಾಗ ಒಂದ್ ಮಾತು ಕೇಳಿ ತಿನ್ನು ಎಂದು ಅವಳಿಗೇ ಹೇಳಿದರು. ಅವಳ ಕಾಯಿಲೆಯ ಬಗ್ಗೆ ಅವಳ ಜೊತೆ ನೇರ ಮಾತಾಡಿದ ಮೊದಲಿಗರು ಅವರು.

ಮತ್ತೊಂದು ಮಾತು. ಮನೆಯಿಂದ ಗೋಧಿಯನ್ನೇ ಹೊರಗೆ ಹಾಕುತ್ತೇನೆ, ಎಲ್ಲರೂ ಬಿಡುತ್ತೇವೆ ಎಂದು ನಾನು ಉತ್ಸಾಹದಲ್ಲಿದ್ದೆ. ತಡೀರಿ ಎಂದರು. ಒಡಹುಟ್ಟಿದವರು, ತಂದೆತಾಯಿ, ಇವರಲ್ಲಿ ಹತ್ತು ಹದಿನೈದು ಮಂದಿಯಲ್ಲೊಬ್ಬರಿಗೆ ಇದು ಇರುವ ಸಂಭವ ಇದೆ. ಮಗನಿಗೆ, ನಿಮಗಿಬ್ಬರಿಗೆ ಟಿಟಿಜಿ ಆಗಬೇಕು. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಸಿಗದೆ ಹೋಗಬಹುದು. ಪರೀಕ್ಷೆ ಆಗುವ ತನಕ ಅವನು ಚಪಾತಿ ತಿನ್ನಲಿ, ಬೇರೆ ಹಂಚಿನದು. ಮೂವರು ತಜ್ಞರ ಬಾಯಲ್ಲಿ ನನ್ನ ಮಗನ ಸುದ್ದಿಯೇ ಬಂದಿರಲಿಲ್ಲ.

ಇಷ್ಟೆಲ್ಲ ಪಾಲಿಸಿಯೂ ಆರು ತಿಂಗಳ ಟಿಟಿಜಿ ನಾವಂದುಕೊಂಡಷ್ಟು ಇಳಿಯಲಿಲ್ಲ. ವರದಿ ನೋಡಿ ನನಗೆ ಅಳು ಬಂತು. ಯಾರು ಕದ್ದು ತಿನ್ನಿಸುತ್ತಿದ್ದಾರೆ ಎಂದು ಮನೆಯವರ ಮೇಲೆಲ್ಲ ಸಂಶಯಪಟ್ಟೆ. ಗದಗಿನ ಮೇಡಂ ಮಾತ್ರ ಶಾಂತವಾಗಿ, ‘ನಾಳಿ ಬೀಸಾಕ ಇಟ್ಟಿರೋ ಜ್ವಾಳ ಒಂದ್ ಕಾಲ್ ಕಿಲೋ ತಾಟಿನ್ಯಾಗ ಹಾಕ್ಕೊಂಡ್ ಬರ್ರಿ’ ಎಂದರು.

ನವಲಗುಂದದ ಕಡೆಯ ನಮ್ಮ ಸ್ವಂತ ಹೊಲದ ಬಿಳಿಜೋಳ ಅದು. ಸ್ಟೀಲಿನ ತಾಟಿನಲ್ಲಿ ಮುತ್ತಿನ ಹಾಗೆ ಹರಡಿತು. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ತೋರುಬೆರಳಿನಿಂದ ಕಾಳನ್ನು ಎಂಟೆಂಟು ಹತ್ತತ್ತಾಗಿ ಈಚೆಗೆ ಎಳೆಯುತ್ತ ಹೋದರು. ನಾನು ಉಸಿರು ಬಿಗಿಹಿಡಿದಿದ್ದೆ. ಮೊದಲು ಒಂದು ಸಿಕ್ಕಿತು. ಉದ್ದಕ್ಕೆ, ಕಂದು ಬಣ್ಣ, ಹೊಟ್ಟೆಯ ಬದಿಯಲ್ಲಿ ಸೀಳು. ತಾಟಿನ ಅಂಚಿಗಿಟ್ಟರು. ಅರ್ಧ ತಾಟು ದಾಟಿದ ಮೇಲೆ ಇನ್ನೊಂದು. ಕೊನೆಯಲ್ಲಿ, ಮುಗಿಯಿತು ಅನ್ನುವಾಗ, ಒಡೆದ ಜೋಳದ ನಡುವೆ ಮೂರನೆಯದು.

ಒಂದು ಕಾಳು ಗೋಧಿಯ ತೂಕ ಸುಮಾರು 40 ಮಿಲಿಗ್ರಾಂ, ಅದರಲ್ಲಿ ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೂ ನಾಲ್ಕು ಮಿಲಿಗ್ರಾಂ ಎಂದು ಮೇಡಂ ಅಲ್ಲೇ ಲೆಕ್ಕ ಹಾಕಿದರು. ಮೂರು ಕಾಳಿಗೆ ಹನ್ನೆರಡು. ಕಾಲು ಕಿಲೋದಲ್ಲಿ ಅಷ್ಟು ಎಂದರೆ ಕಿಲೋಕ್ಕೆ 48. ಗ್ಲುಟೆನ್ ರಹಿತ ಎಂದು ಮಾರಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ ಕಿಲೋಕ್ಕೆ 20 ಮಿಲಿಗ್ರಾಂ. ಇದಿನ್ನೂ ಗಿರಣಿಗೆ ಹೋಗುವ ಮೊದಲಿನ ಲೆಕ್ಕ. ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮೊದಲು ಯಾರದೋ ಗೋಧಿ ಬಿದ್ದಿರುತ್ತದೆ, ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಚೀಲದಲ್ಲಿ ಹಿಟ್ಟು ಉಳಿದಿರುತ್ತದೆ.

ಅತ್ತೆ ಆ ಮೂರು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ‘ರಾಶಿ ಮಷೀನು ಒಂದ ಅಲ್ಲೇನವಾ. ಗೋದಿ ಮುಗದ ಮ್ಯಾಲೆ ಜ್ವಾಳಕ್ಕ ಬಂದಿತ್ತು. ಚೀಲನೂ ಅವ’ ಎಂದರು. ನಮ್ಮ ಹೊಲ, ನಮ್ಮ ಕಣ, ನಮ್ಮ ಚೀಲ. ಹೊರಗಿನ ತಿಂಡಿಯೆಲ್ಲ ನಿಲ್ಲಿಸಿ ಪ್ರತಿ ಪ್ಯಾಕೆಟ್ಟು ತಿರುವಿ ಓದುತ್ತಿದ್ದ ನಾನು ಮನೆಯ ಜೋಳವನ್ನು ಅನುಮಾನಿಸಿರಲಿಲ್ಲ.

ಈಗ ಮನೆಯಲ್ಲೇ ಒಂದು ಸಣ್ಣ ಗಿರಣಿ ತಂದಿದ್ದೇವೆ. ಮಗಳ ಜೋಳಕ್ಕೆ ಹೊಸ ಚೀಲ. ಪ್ರತಿ ಭಾನುವಾರ ಅತ್ತೆ ಕಾಳು ಹಸನು ಮಾಡುತ್ತಾರೆ, ತೊಳೆದು ಒಣಗಿಸಿದ ಮೇಲೆಯೇ ಬೀಸುವುದು. ಅವಳ ಹಂಚು, ಪರಾತ, ಮಜ್ಜಿಗೆ ಕಡೆಯುವ ಕಡಗೋಲು ಕೂಡ ಬೇರೆ. ಕಡಗೋಲು ಅತ್ತೆಯದೇ ಹಟ, ಅದಕ್ಕೆ ಯಾವ ತಜ್ಞರೂ ಹೇಳಿರಲಿಲ್ಲ. ಒಂದು ವರ್ಷದ ಟಿಟಿಜಿ ಮಿತಿಯೊಳಗೆ ಬಂತು. ಹಿಮೋಗ್ಲೋಬಿನ್ 11.9. ಆ ವರ್ಷ ಎಂಟು ಸೆಂಟಿಮೀಟರ್ ಬೆಳೆದಳು. ಸಮವಸ್ತ್ರದ ಲಂಗದ ಮಡಿಕೆ ಬಿಚ್ಚಿ ಹೊಲಿಯುವಾಗ ನನ್ನ ಕೈ ನಡುಗುತ್ತಿತ್ತು.

ಯಾರಾದರೂ ತಜ್ಞರನ್ನು ಹುಡುಕುತ್ತಿದ್ದರೆ ನಾನು ಹೇಳುವುದು ಇಷ್ಟು. ಫೋನಿನಲ್ಲೇ, ಈಗ ನಿಮ್ಮ ಕೈಯಲ್ಲಿ ಸೀಲಿಯಾಕ್‌ನ ಎಷ್ಟು ಮಂದಿ ಇದ್ದಾರೆ, ಮುಂದಿನ ಟಿಟಿಜಿ ಯಾವಾಗ ಬೇಕನ್ನುತ್ತೀರಿ, ಮನೆಯ ಉಳಿದವರ ಪರೀಕ್ಷೆ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿ. ಬಲ್ಲವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಆಮೇಲೆ ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ನಿಮ್ಮ ಒಗ್ಗರಣೆ ಡಬ್ಬಿ, ಗಿರಣಿ, ಹಬ್ಬ, ಒಪ್ಪತ್ತು ಇವುಗಳ ಮಾತೇ ತೆಗೆಯದೆ ಪಟ್ಟಿ ಕಳಿಸುವವರು ಎಷ್ಟು ದೊಡ್ಡ ಊರಿನವರಾದರೂ ಇನ್ನೊಬ್ಬರನ್ನು ಹುಡುಕಿ. ಹತ್ತಿರದಲ್ಲಿ ಇಲ್ಲದಿದ್ದರೆ ವಿಡಿಯೊ ಕರೆ ಸಾಕು, ಕ್ಯಾಮೆರಾ ಅಡುಗೆಮನೆಯೊಳಗೆ ಬರುತ್ತದೆ. ಕಾಯಿಲೆ ಬಲ್ಲ, ಆದರೆ ನಮ್ಮ ಅಡುಗೆ ಅರಿಯದವರು ಮಾತ್ರ ಸಿಕ್ಕರೆ ಅವರನ್ನು ಬಿಡಬೇಡಿ. ಒಂದು ವಾರ ನಿಮ್ಮ ಮನೆಯಲ್ಲಿ ಬೆಂದದ್ದೆಲ್ಲವನ್ನೂ ಬರೆದು ಅವರ ಮುಂದಿಡಿ. ದೆಹಲಿಯ ಆ ತಜ್ಞೆಯ ಮುಂದೆ ನಾನು ಹಾಗೆ ಮಾಡಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನದು, ಯಜಮಾನರದು, ಮಗನದು, ಮೂವರದೂ ಟಿಟಿಜಿ ಮೊದಲ ಸಲ ಸರಿ ಇತ್ತು. ಆದರೆ ಇವತ್ತು ಇಲ್ಲ ಎಂದರೆ ಮುಂದೆಂದೂ ಇಲ್ಲ ಎಂದಲ್ಲ, ಮಕ್ಕಳಿಗೆ ನಡುನಡುವೆ ನೋಡಿಸುತ್ತಿರಬೇಕು ಎಂದು ಮೇಡಂ ಹೇಳಿದ್ದಾರೆ. ಈ ನಡುವೆ ಮಗ ಹೊಟ್ಟೆನೋವು ಅನ್ನುತ್ತಿದ್ದಾನೆ. ಸೋಮವಾರ ಬೆಳಿಗ್ಗೆ ಅವನ ರಕ್ತ ಕೊಡಬೇಕು. ಅಲ್ಲಿಯ ತನಕ ಅವನಿಗೆ ದಿನಾ ಚಪಾತಿ ಮಾಡುತ್ತಿದ್ದೇನೆ, ಹಳೆಯ ಹಂಚಿನ ಮೇಲೆ.